ರಿಸಲ್ಟ್ ಬಾರದ ವೈವಾ

ಸ್ವಿಟ್ಜರ್ಲೆಂಡಿನ ಗೋಲ್ಡೌ ಮೃಗಾಲಯದಲ್ಲಿ ಕರಡಿಯೂ ತೋಳವೂ ಒಂದೇ ಆವರಣದಲ್ಲಿ ಇರುತ್ತವೆ. ಬರೆದಿಟ್ಟುಕೊಳ್ಳಿ, ಪರೀಕ್ಷೆಗೆ ಬರುತ್ತದೆ. ತಮಾಷೆಯಲ್ಲ. ಸುಮಾರು 30 ವರ್ಷ ಆ ದೇಶದಲ್ಲಿ ಬಾಳಿ, ಪೌರತ್ವಕ್ಕೆ ಅರ್ಜಿ ಹಾಕಿದ ಇಟಲಿಯವನೊಬ್ಬನಿಗೆ ಈ ಸಂಗತಿ ಗೊತ್ತಿರಲಿಲ್ಲ. ಊರಿನ ಪಂಚಾಯಿತಿಯವರು ನಪಾಸು ಮಾಡಲು ಇದೂ ಒಂದು ಕಾರಣವಾಯಿತು. ಕೊನೆಗೆ ಅಲ್ಲಿನ ಸುಪ್ರೀಂ ಕೋರ್ಟೇ ‘ಕೊಟ್ಟುಬಿಡ್ರಪ್ಪಾ’ ಅನ್ನಬೇಕಾಯಿತು. ಅಂದಹಾಗೆ ಆ ಕರಡಿಗಳು ಸಿರಿಯಾ ತಳಿಯವು. ಅವುಗಳನ್ನು ಯಾರೂ ಏನೂ ಕೇಳಿದ ಹಾಗಿಲ್ಲ.

ಆ ದೇಶದಲ್ಲಿ ಹುಟ್ಟಿದ ಮಾತ್ರಕ್ಕೆ ಪ್ರಜೆಯಾಗುವುದಿಲ್ಲ. ಕನಿಷ್ಠ 10 ವರ್ಷ ಇರಬೇಕು, ಆಮೇಲೆ ದೇಶ, ರಾಜ್ಯ, ಪಂಚಾಯಿತಿ ಮೂರೂ ಒಪ್ಪಬೇಕು. ಪಂಚಾಯಿತಿ ಅಂದಮೇಲೆ ಕೇಳಬೇಕೆ? ಹಸುವಿನ ಕೊರಳಿಗೆ ಭಾರದ ಗಂಟೆ ಕಟ್ಟಬೇಡಿ ಎಂದು ಗಲಾಟೆ ಮಾಡಿದ ಡಚ್ ಮೂಲದ ಹೆಂಗಸಿಗೆ ಹಳ್ಳಿಯವರು ಓಟು ಹಾಕಿ ಪೌರತ್ವ ತಪ್ಪಿಸಿದ್ದರು. 2017ರಲ್ಲಿ ಬುಕ್ಸ್ ಎಂಬಲ್ಲಿ, ಅಲ್ಲೇ ಹುಟ್ಟಿದ ಟರ್ಕಿ ಮೂಲದ ಹುಡುಗಿಗೆ ಹಳೇ ಎಣ್ಣೆ ಎಲ್ಲಿ ಹಾಕಬೇಕೆಂದು ಕೇಳಿದರು, ಸ್ವಿಸ್ ಆಟ ಯಾವುದೆಂದು ಕೇಳಿದರು. ಪಾಪ, ಸ್ಕೀಯಿಂಗ್ ಅಂದಳು. ಅವರ ಮನಸ್ಸಿನಲ್ಲಿದ್ದುದು ಹಳ್ಳಿ ಕುಸ್ತಿಯಂಥ ಆಟ. ನಮ್ಮ ಧಾರವಾಡ, ವಿಜಯನಗರದ ಕೋಚಿಂಗ್ ಸೆಂಟರಿನವರು ಅಲ್ಲೊಂದು ಬ್ರಾಂಚ್ ಯಾಕೆ ತೆರೆದಿಲ್ಲವೋ!

ತೆರೆದರೂ ಅಲ್ಲೇ ಹುಟ್ಟಿದ ಶ್ರೀಲಂಕಾ ಮೂಲದ ತಮಿಳು ಹುಡುಗಿಯೊಬ್ಬಳಿಗೆ ಉಪಯೋಗವಿಲ್ಲ. ಅವಳು ಈ ಪರೀಕ್ಷೆ ಪಾಸಾಗಿದ್ದಾಳೆ. ಅವಳದು ಅದರ ನಂತರದ ವೈವಾ. ಅದಕ್ಕೆ ಸಿಲಬಸ್ ಇಲ್ಲ, ಟೈಂಟೇಬಲ್ ಇಲ್ಲ, ಟ್ರಾಮಿನಲ್ಲಿ ಪಕ್ಕ ಕೂತವರೆಲ್ಲ ಎಕ್ಸಾಮಿನರುಗಳೇ.

1983ರ ಜುಲೈಯಲ್ಲಿ ಕೊಲಂಬೊ ಹೊತ್ತಿ ಉರಿದ ಮೇಲೆ ಶ್ರೀಲಂಕಾದ ತಮಿಳರು ಅಲ್ಲಿಗೆ ಹೋಗಿ ಸೇರಿದರು. ಈಗ ಸುಮಾರು 50 ಸಾವಿರ ಮಂದಿ. ಮೊದಮೊದಲು ಪತ್ರಿಕೆಗಳು ಲೆದರ್ ಜಾಕೆಟ್ ಹಾಕಿದ ತಮಿಳು ಹುಡುಗರೆಲ್ಲ ಡ್ರಗ್ಸ್ ಮಾರುವವರೆಂದು ಬರೆದವು. ಅವರೋ ಹೋಟೆಲ್ ಅಡುಗೆಮನೆಗಳಲ್ಲಿ ಪಾತ್ರೆ ತಿಕ್ಕಿ ತಿಕ್ಕಿ ‘ಒಳ್ಳೇ ವಲಸಿಗರು’ ಅನ್ನಿಸಿಕೊಂಡರು. ಒಳ್ಳೆಯವರು ಅಂದರೆ ಸದ್ದು ಮಾಡದವರು. ಅಂಥವರೊಬ್ಬರ ಮಗಳು, ನಮ್ಮ ಈ ಹುಡುಗಿ, ಡಾಕ್ಟರಾಗಿದ್ದಾಳೆ ಎಂದುಕೊಳ್ಳಿ. ಬಿಳಿ ಕೋಟು, ಕೊರಳಲ್ಲಿ ಸ್ಟೆತಸ್ಕೋಪು, ಎದೆಯ ಮೇಲೆ ಹೆಸರಿನ ಪಟ್ಟಿ. ಬರ್ನ್ ನಗರದ ಯಾವುದೋ ವಾರ್ಡಿಗೆ ಬೆಳಿಗ್ಗೆ ಕಾಲಿಡುತ್ತಾಳೆ.

“ತಟ್ಟೆ ತಗೊಂಡು ಹೋಗಮ್ಮ. ಹಾಗೇ ಡಾಕ್ಟರು ಯಾವಾಗ ಬರ್ತಾರೆ ಕೇಳಿ ಹೇಳು.”

“ಬಂದಿದ್ದೀನಲ್ಲ, ನಾನೇ ಡಾಕ್ಟರು.”

ಅಜ್ಜನ ಕಣ್ಣು ಅವಳ ಹೆಗಲು ದಾಟಿ ಬಾಗಿಲ ಕಡೆ ಹೋಗುತ್ತದೆ. ಹಿಂದೆ ಯಾರೂ ಇಲ್ಲ. ಈಗ ತಟ್ಟೆಯದೇ ಸಮಸ್ಯೆ. ಎತ್ತಿಕೊಂಡರೆ ಅಜ್ಜ ಅಂದುಕೊಂಡದ್ದೇ ನಿಜವಾಯಿತು, ಬಿಟ್ಟರೆ ‘ಡಾಕ್ಟರಾದ ತಕ್ಷಣ ಎಷ್ಟು ಕೊಬ್ಬು ನೋಡು’. ಅವಳು ತಟ್ಟೆಯನ್ನು ನಾಲ್ಕು ಇಂಚು ಪಕ್ಕಕ್ಕೆ ಸರಿಸಿ ಬಿಪಿ ನೋಡುತ್ತಾಳೆ. ನೂರ ಎಂಬತ್ತು. ಯಾರದು ಅಂತ ಕೇಳಬೇಡಿ.

“ನಿಮ್ಮ ಜರ್ಮನ್ ಬಹಳ ಚೆನ್ನಾಗಿದೆ,” ಎನ್ನುತ್ತಾನೆ ಅಜ್ಜ. ಈಗ ಬಹುವಚನ ಬಂದಿದೆ. ‘ನಿಮ್ಮದೂ ಪರವಾಗಿಲ್ಲ’ ಎಂಬ ಉತ್ತರ ಅವಳ ನಾಲಿಗೆ ತುದಿಯಲ್ಲಿದೆ. ಹೇಳಿದರೆ ಮಾರ್ಕ್ಸ್ ಕಟ್.

“ಯಾವ ಊರು?”

“ಇದೇ. ಬರ್ನ್.”

“ಅಲ್ಲ, ನಿಜವಾಗಿ?”

“ಈ ಆಸ್ಪತ್ರೆಯ ಹೆರಿಗೆ ವಾರ್ಡು.”

“ಅಪ್ಪ ಅಮ್ಮ?”

“ಜಾಫ್ನಾ.”

“ಓ, ಇಂಡಿಯಾ! ನನ್ನ ಸೊಸೆ ಯೋಗ ಕಲೀತಾಳೆ.” ಕಡತ ವಿಲೇವಾರಿಯಾದ ಗುಮಾಸ್ತನ ಹಾಗೆ ಅಜ್ಜ ದಿಂಬಿಗೆ ಒರಗುತ್ತಾನೆ. “ನಿಮ್ಮ ಜನ ತುಂಬಾ ಕಷ್ಟಪಟ್ಟು ದುಡೀತಾರೆ.”

ನಗಬೇಡಿ. ಈ ವಿದ್ಯೆಯಲ್ಲಿ ನಾವು ಗೋಲ್ಡ್ ಮೆಡಲಿಸ್ಟುಗಳು. ಸ್ವಿಸ್ ಅಜ್ಜನಿಗೆ ಮೂರು ಪ್ರಶ್ನೆ ಬೇಕಾಯಿತು. ಬೆಂಗಳೂರಿನ ಮನೆ ಓನರು ‘ವೆಜ್ಜಾ, ನಾನ್‌ವೆಜ್ಜಾ?’ ಎಂಬ ಒಂದೇ ಪ್ರಶ್ನೆಯಲ್ಲಿ ಜಾತಿ ಗಣತಿಯನ್ನೇ ಮುಗಿಸುತ್ತಾರೆ. ದಂಡು ಪ್ರದೇಶದಲ್ಲಿ ತಲೆಮಾರುಗಳಿಂದ ಇರುವ ತಮಿಳರ ಮನೆ ಹುಡುಗಿಗೆ ‘ಪರವಾಗಿಲ್ವೇ, ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀಯ’ ಎಂದು ಸರ್ಟಿಫಿಕೇಟು ಕೊಡುವವರೂ ನಾವೇ. ಜನರ ಮಾತಿರಲಿ, ಹಲಸೂರು ಕೆರೆಯ ಹತ್ತಿರ 1991ರಲ್ಲಿ ತಂದು ನಿಲ್ಲಿಸಿದ ತಿರುವಳ್ಳುವರ್ ಪ್ರತಿಮೆಗೆ 2009ರ ತನಕ ಮುಸುಕು ಹಾಕಿಟ್ಟಿದ್ದೆವು. ಸ್ವಿಸ್ಸರು 10 ವರ್ಷಕ್ಕೆ ಅರ್ಜಿಯನ್ನಾದರೂ ತಗೊಳ್ಳುತ್ತಾರೆ, ನಾವು ಬಾಯಿಲ್ಲದ ಪ್ರತಿಮೆಯನ್ನೂ 18 ವರ್ಷ ಕಾಯಿಸಿದೆವು. ಅದೂ ಚೆನ್ನೈನಲ್ಲಿ ಸರ್ವಜ್ಞನಿಗೆ ಸೀಟು ಖಾತ್ರಿಯಾದ ಮೇಲೆ, ಎಕ್ಸ್‌ಚೇಂಜ್ ಆಫರಿನಲ್ಲಿ.

ಹುಡುಗಿಯ ಕಡೆಗೆ ಬರೋಣ. ದೂರು ಕೊಡಬಹುದಲ್ಲ ಅನ್ನುತ್ತೀರಿ. ಕಾನೂನೇನೋ ಇದೆ. 1994ರಲ್ಲಿ ಜನಮತ ಕೇಳಿ, ಶೇ. 54.6ರಷ್ಟು ಮಂದಿ ಹೂಂ ಅಂದ ಮೇಲೆ, ಜನಾಂಗ ದ್ವೇಷ ಹರಡಿದರೆ ಶಿಕ್ಷೆ ಎಂಬ ಕಲಂ 1995ರಿಂದ ಜಾರಿಯಲ್ಲಿದೆ. ಆದರೆ ತಟ್ಟೆ ತಗೊಂಡು ಹೋಗು ಅಂದದ್ದು ಯಾವ ಕಲಮಿನ ಕೆಳಗೆ ಬರುತ್ತದೆ? ಯೋಗದ ಸೊಸೆ ಯಾವ ಸಬ್‌ಸೆಕ್ಷನ್ನು? ಕೂದಲು ಮುಟ್ಟಿ ‘ಎಷ್ಟು ದಟ್ಟ!’ ಅಂದವಳ ಮೇಲೆ ಎಫ್‌ಐಆರ್ ಹಾಕಲಾದೀತೇ?

ಹಾಗಾಗಿ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸಹೋದ್ಯೋಗಿಯ ಹತ್ತಿರ ಹೇಳಿಕೊಳ್ಳುತ್ತಾಳೆ. ಅವಳು ಕಾಫಿ ಕೆಳಗಿಟ್ಟು ಕೈ ಹಿಡಿದುಕೊಳ್ಳುತ್ತಾಳೆ. “ವಯಸ್ಸಾದವರು, ಮನಸ್ಸಿಗೆ ಹಚ್ಕೋಬೇಡ. ನನಗೂ ಇದೆಲ್ಲ ಗೊತ್ತು ಕಣೇ. ಕೇರಳಕ್ಕೆ ಹೋಗಿದ್ದೆನಲ್ಲ, ಎರಡು ವಾರ ಪೂರ್ತಿ ಎಲ್ಲರೂ ನನ್ನನ್ನೇ ನೋಡ್ತಿದ್ರು. ಸೆಲ್ಫಿ ಬೇರೆ ಕೇಳ್ತಿದ್ರು. ಎಷ್ಟು ಹಿಂಸೆ ಆಯ್ತು ಅಂತೀಯ!”

ರೆಸಾರ್ಟಿನಲ್ಲಿ ಆಯುರ್ವೇದದ ಎಣ್ಣೆ ತಿಕ್ಕಿಸಿಕೊಂಡು ಬಂದವಳ ಕಣ್ಣು ಆ ನೆನಪಿಗೇ ಒದ್ದೆಯಾಗುತ್ತದೆ. ಡಾಕ್ಟರಮ್ಮ ಟಿಶ್ಯೂ ತೆಗೆದುಕೊಟ್ಟು ಬೆನ್ನು ಸವರುತ್ತಾಳೆ. ಊಟದ ಅರ್ಧ ಗಂಟೆ ಅದಕ್ಕೇ ಮುಗಿಯುತ್ತದೆ.