ಆಯಿಲ್ ಕಪ್ಪಾಗಿದೆಯಲ್ಲ!

ಕಾರಿನ ಬಾನೆಟ್ ಎತ್ತಿದರೆ ಸಾಕು, ಪಕ್ಕದಲ್ಲಿ ಯಾರಾದರೂ ಬಂದು ನಿಲ್ಲುತ್ತಾರೆ. ಮೊನ್ನೆ ಇಂಜಿನ್ ಆಯಿಲ್ ಎಷ್ಟಿದೆ ಅಂತ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ಬಟ್ಟೆಗೆ ಒರೆಸುತ್ತಿದ್ದೆ. ಪಕ್ಕದ ಮನೆಯವರು ಬಗ್ಗಿ ನೋಡಿ, "ಅಯ್ಯೋ, ಪೂರ್ತಿ ಕಪ್ಪಾಗಿದೆಯಲ್ಲ ಸಾರ್! ಇನ್ನೂ ಇದರಲ್ಲೇ ಓಡಿಸ್ತಾ ಇದ್ದೀರಾ?" ಅಂದರು.

ಕಪ್ಪಾಗಲಿ ಅಂತಲೇ ಅಲ್ವಾ ಅದನ್ನು ಹಾಕೋದು? ಆಯಿಲ್‌ನಲ್ಲಿ ಕೊಳೆ ಬಿಡಿಸುವ ಡಿಟರ್ಜೆಂಟ್ ಇರುತ್ತದೆ, ಮಸಿ ಗಂಟು ಕಟ್ಟದಂತೆ ನೋಡಿಕೊಳ್ಳುವ ಡಿಸ್ಪರ್ಸೆಂಟ್ ಇರುತ್ತದೆ. ಬಟ್ಟೆ ನೆನೆಸಿದ ನೀರು ಕಪ್ಪಾದರೆ ಸೋಪು ಕೆಟ್ಟಿದೆ ಅಂತೀವಾ? ಡೀಸೆಲ್ ಇಂಜಿನ್‌ಗೆ ಹಾಕಿದ ಹೊಸ ಆಯಿಲಂತೂ ನೋಡನೋಡುತ್ತಲೇ ಕಪ್ಪಾಗುತ್ತದೆ. ಬದಲಿಸೋದು ಕಿಲೋಮೀಟರ್ ನೋಡಿ, ತಿಂಗಳು ನೋಡಿ. ಬಣ್ಣ ನೋಡಿ ಅಲ್ಲ. ಇದನ್ನೆಲ್ಲ ಅವರಿಗೆ ಹೇಳಿದೆನಾ? ಇಲ್ಲ. "ಹೌದು, ನೋಡ್ಬೇಕು" ಅಂತ ಸುಮ್ನೆ ಹಲ್ಲು ಕಿರಿದೆ.

ಅವರು ಬಿಡಲಿಲ್ಲ. "ಈ ಸಲ 20ಡಬ್ಲ್ಯೂ-50 ಹಾಕಿ. ಮಂದ ಇದ್ದಷ್ಟೂ ಒಳ್ಳೇದು. ಡಬ್ಲ್ಯೂ ಅಂದ್ರೆ ವೆಯ್ಟ್." ಡಬ್ಲ್ಯೂ ಅಂದರೆ ವಿಂಟರ್, ಚಳಿಯಲ್ಲಿ ಆಯಿಲ್ ಎಷ್ಟು ಮಂದ ಅನ್ನೋದರ ಗುರುತು. ನನ್ನ ಕಾರಿನ ಮ್ಯಾನ್ಯುಯಲ್‌ನಲ್ಲಿ ಅದಕ್ಕಿಂತ ತೆಳುವಾದ 5ಡಬ್ಲ್ಯೂ-30 ಅಂತ ಇದೆ. ಇಂಜಿನ್ ಮಾಡಿದವರಿಗಿಂತ ಇವರಿಗೆ ಜಾಸ್ತಿ ಗೊತ್ತು!

ಇಷ್ಟು ಹಾರಾಡುವ ನಾನು, ಮೊದಲ ಸಲ ಆಯಿಲ್ ಬದಲಿಸಿದ ಕಥೆ ಹೇಳಲೇಬೇಕು. ಬರೀ ಆಯಿಲ್ ಸೋಸುವ ಫಿಲ್ಟರ್ ಆರಿಸೋದಕ್ಕೇ ಮೂರು ದಿನ ತೆಗೆದುಕೊಂಡಿದ್ದೆ. ಒಳಗಿನ ಕಾಗದಕ್ಕೆ ಎಷ್ಟು ಮಡಿಕೆ, ಇಂಜಿನ್ ನಿಂತಾಗ ಆಯಿಲ್ ವಾಪಸ್ ಇಳಿಯದಂತೆ ತಡೆಯುವ ವಾಲ್ವ್ ರಬ್ಬರಿನದೋ ಸಿಲಿಕೋನಿನದೋ, ಎಲ್ಲ ತಾಳೆ ನೋಡಿದ್ದೆ. ಕಾರಿನಡಿ ಮಲಗಿ ಹಳೇ ಫಿಲ್ಟರ್ ತಿರುಗಿಸಿದೆ. ಬಿಸಿ ಆಯಿಲ್ ಮೊಣಕೈವರೆಗೂ ಇಳಿಯಿತು. ಹೊಸದರ ರಬ್ಬರ್ ರಿಂಗಿಗೆ ಬೆರಳ ತುದಿಯಿಂದ ಆಯಿಲ್ ಸವರಿದೆ. ರಿಂಗು ತಾಗುವ ತನಕ ಕೈಯಲ್ಲೇ ತಿರುಗಿಸಿ, ಆಮೇಲೆ ಮುಕ್ಕಾಲು ಸುತ್ತು. ಜಾಸ್ತಿಯೂ ಇಲ್ಲ, ಕಮ್ಮಿಯೂ ಇಲ್ಲ. ಆಹಾ!

ಇಂಜಿನ್ ಚಾಲೂ ಮಾಡಿದೆ. ಆಯಿಲ್ ಒತ್ತಡದ ಕೆಂಪು ದೀಪ ಆರಿತು. ಇಳಿದು ಬಗ್ಗಿ ನೋಡಿದರೆ ಜೇನಿನ ಬಣ್ಣದ ಹೊಸ ಆಯಿಲ್ ನೆಲದ ಮೇಲೆ ಹರಿಯುತ್ತಿದೆ. ಓಡಿಹೋಗಿ ಆಫ್ ಮಾಡುವಷ್ಟರಲ್ಲಿ ಒಂದು ಲೀಟರಾದರೂ ಹೋಗಿತ್ತು. ಇನ್ನಷ್ಟು ಬಿಗಿ ಮಾಡಿದೆ. ಇನ್ನಷ್ಟು ಸೋರಿತು. ಬಿಚ್ಚಿ ಟಾರ್ಚ್ ಹಿಡಿದಾಗ ಕಂಡಿತು: ಹಳೇ ಫಿಲ್ಟರಿನ ರಬ್ಬರ್ ರಿಂಗು ಇಂಜಿನ್‌ಗೇ ಅಂಟಿಕೊಂಡು ಕೂತಿದೆ. ಕಪ್ಪಿನ ಮೇಲೆ ಕಪ್ಪು, ಕಣ್ಣಿಗೆ ಬಿದ್ದಿರಲೇ ಇಲ್ಲ. ಅದರ ಮೇಲೆ ಸರಿಯಾಗಿ ಕೂರಲಾಗದ ನನ್ನ ಹೊಸ ರಿಂಗು. ಉಗುರಿನಿಂದ ಕೆರೆದೆ, ಒಣಗಿದ ಹಲಸಂದೆ ಸಿಪ್ಪೆಯ ಹಾಗೆ ಸುರುಳಿಯಾಗಿ ಬಂತು. ಮರದ ಹೊಟ್ಟು ಹಾಕಿ ಉಜ್ಜಿದರೂ ನೆಲದ ಕಲೆ ಮಾತ್ರ ಇವತ್ತಿಗೂ ಹೋಗಿಲ್ಲ.

ಆಯಿಲ್, ಫಿಲ್ಟರ್ ಹೇಗೆ ಆರಿಸಬೇಕು ಅಂತ ಇದರಿಂದ ಏನೋ ಹೇಳೋದಿತ್ತು. ಅಷ್ಟರಲ್ಲಿ ಪಕ್ಕದ ಮನೆಯವರು ಚಪ್ಪಲಿ ತುದಿಯಿಂದ ಆ ಕಲೆ ತೋರಿಸಿದರು.

"ನೋಡಿ ಸಾರ್, ಸೋರ್ತಾನೂ ಇದೆ."

ಬಾನೆಟ್ ಸ್ವಲ್ಪ ಜೋರಾಗಿಯೇ ಮುಚ್ಚಿದೆ.