ಹಿತ್ತಲಿನ ಅಳಿಲು ಸೇವೆ

ನಿನ್ನೆ ಚಿಕ್ಕಮಗಳೂರಿನಲ್ಲಿ ನೆಂಟರ ಮನೆ ಗೃಹಪ್ರವೇಶ. ಹಾಸನದಿಂದ ಬೇಲೂರು ಮೇಲೆ ಹೋಗಿ, ರಾತ್ರಿ ಬಸ್ಸಿಗೆ ವಾಪಸ್ ಬಂದೆ. ಬಂದಾಗಿನಿಂದ ತಲೆ ಕಾದಿದೆ, ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ಗೇಟಿನಲ್ಲೇ ಬೋರ್ಡು: 'ಪ್ಲಾಸ್ಟಿಕ್ ಮುಕ್ತ ಸಮಾರಂಭ'. ನನಗೆ ನಿಜಕ್ಕೂ ಖುಷಿಯಾಯಿತು. ಬಾಳೆಲೆ, ಸ್ಟೀಲ್ ಲೋಟ. ಟೇಬಲ್ ಮೇಲೆ ಆ ದರಿದ್ರ ಪ್ಲಾಸ್ಟಿಕ್ ಹಾಳೆ ಇಲ್ಲ. ನಮ್ಮ ರಾಜ್ಯದಲ್ಲಿ ಅದಕ್ಕೆ 2016ರಿಂದಲೇ ನಿಷೇಧ ಇದೆ. ಆದರೂ ಎಷ್ಟು ಛತ್ರಗಳಲ್ಲಿ ಹಾಸುತ್ತಾರೆ ಅಂತ ನಿಮಗೇ ಗೊತ್ತಲ್ಲ. ಬಂದವರೆಲ್ಲ ಮನೆ ಯಜಮಾನರನ್ನು ಹೊಗಳಿದ್ದೇ ಹೊಗಳಿದ್ದು. ಅವರೂ ಕೈಮುಗಿದು, 'ಏನೋ ನಮ್ಮದೊಂದು ಅಳಿಲು ಸೇವೆ' ಅಂದರು.

ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಳಿಲುಗಳು ಅಲ್ಲಿ ಕೂತಿದ್ದವು. ಸೊಸೆ, ಅವಳ ನಾದಿನಿ, ಕೆಲಸಕ್ಕೆ ಬಂದಿದ್ದ ಇಬ್ಬರು ಹೆಂಗಸರು. ಸೊಸೆ ರೇಷ್ಮೆ ಸೀರೆ ಎತ್ತಿ ಕಟ್ಟಿ ಲೋಟ ಉಜ್ಜುತ್ತಿದ್ದಳು. ನಾನೂರು ಜನರ ಊಟಕ್ಕೆ ಇದ್ದದ್ದು ನೂರೈವತ್ತು ಲೋಟ. ಪಂಕ್ತಿ ಏಳುವಷ್ಟರಲ್ಲಿ ತೊಳೆದು ಕೊಡಬೇಕು. 'ಊಟ ಆಯ್ತೇನಮ್ಮಾ?' ಅಂದೆ. 'ಕೊನೇ ಪಂಕ್ತಿಗೆ ಅಕ್ಕ' ಅಂದಳು. ಕೊನೇ ಪಂಕ್ತಿಗೆ ಹೋಳಿಗೆ ಖಾಲಿ.

ಬೋರ್ಡು ಬರೆಸಿದವರು ಒಬ್ಬರು, ಲೋಟ ತೊಳೆದವರು ಇನ್ನೊಬ್ಬರು. ನಮ್ಮ ಮನೆಗಳಲ್ಲೂ ಇದೇ ಅಲ್ವಾ? ಹಸಿ ಕಸ, ಒಣ ಕಸ ಬೇರೆ ಮಾಡು. ಹಾಲಿನ ಕವರ್ ತೊಳೆದು ಒಣಗಿಸು. ಗೊಬ್ಬರದ ಬಕೆಟ್ ಕೆದಕು. ಬಟ್ಟೆ ಪ್ಯಾಡ್ ಒಗೆದು, ಯಾರಿಗೂ ಕಾಣದ ಹಾಗೆ ಒಣಹಾಕು. ಮನೆಗೆ ಪರಿಸರ ಕಾಳಜಿ ಬಂತು ಅಂದರೆ ಒಬ್ಬಳು ಸಿಂಕ್ ಮುಂದೆ ಇನ್ನೂ ಅರ್ಧ ಗಂಟೆ ನಿಲ್ಲಬೇಕು ಅಂತ ಅರ್ಥ. ಮೊದಲೇನು ಕಮ್ಮಿ ಇತ್ತಾ? ಕೇಂದ್ರ ಸರ್ಕಾರವೇ 2024ರಲ್ಲಿ ಸಮಯ ಬಳಕೆ ಸಮೀಕ್ಷೆ ಮಾಡಿದೆ. ಸಂಬಳ ಇಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸುಮಾರು 289 ನಿಮಿಷ ದುಡಿಯುತ್ತಾರೆ, ಗಂಡಸರು 88 ನಿಮಿಷ. ಆ 88 ನಿಮಿಷ ಯಾರ ಮನೆಯದೋ, ಒಮ್ಮೆ ಹೋಗಿ ನೋಡಿ ಬರಬೇಕು.

ಇದನ್ನು ಅಲ್ಲೇ ಹೇಳಿದೆ. ಹಿರಿಯರೊಬ್ಬರು ನಕ್ಕು, 'ಹೆಂಗಸರಿಗೆ ಪ್ರಕೃತಿ ಜೊತೆ ನಂಟು ಜಾಸ್ತಿ ಕಣಮ್ಮ. ಚಿಪ್ಕೋ ನೋಡು' ಅಂದರು. ಮರ ಅಪ್ಪಿಕೊಂಡು ಕಾಡು ಉಳಿಸಿದ ಆ ಚಳವಳಿಯನ್ನೇ ನೋಡೋಣ. 1974ರಲ್ಲಿ ಈಗಿನ ಉತ್ತರಾಖಂಡದ ರೇಣಿ ಹಳ್ಳಿಗೆ ಮರ ಕಡಿಯುವವರು ಬಂದಾಗ ಊರಿನ ಗಂಡಸರು ಪರಿಹಾರದ ಹಣಕ್ಕೆಂದು ಚಮೋಲಿಗೆ ಹೋಗಿದ್ದರು. ಊರಲ್ಲಿದ್ದ ಹೆಂಗಸರು ಗೌರಾದೇವಿಯ ಜೊತೆ ಅಡ್ಡ ನಿಂತರು. ಕಾಡು ಹೋದರೆ ಸೌದೆ, ಮೇವಿಗೆ ಮೈಲಿಗಟ್ಟಲೆ ನಡೆಯಬೇಕಾದವರು ಅವರೇ. ನಂಟಂತೆ ನಂಟು!

'ಹಾಗಾದರೆ ಪ್ಲಾಸ್ಟಿಕ್ ಲೋಟವೇ ತರಿಸೋಣ್ವಾ?' ಅಂತ ಇನ್ನೊಬ್ಬರು. ಬೇಡ ಸ್ವಾಮಿ. ಪಂಚೆ ಎತ್ತಿ ಕಟ್ಟಿ ಅಂದೆ ಅಷ್ಟೇ.

ಇಷ್ಟೆಲ್ಲ ಮಾತಾಡುವ ನಾನೂ ಸಾಚಾ ಅಲ್ಲ. ಮೂರು ವರ್ಷದ ಹಿಂದೆ ಪಾತ್ರೆ ತೊಳೆಯುವ ಲಿಕ್ವಿಡ್ ಬಿಸಾಕಿ ಅಂಟುವಾಳದ ಪುಡಿ ತಂದೆ. ಇಲ್ಲಿ ಫೋಟೋ ಹಾಕಿದ್ದೆ, ನೀವೆಲ್ಲ ಲೈಕ್ ಒತ್ತಿದ್ದಿರಿ. ಪಾತ್ರೆ ತಿಕ್ಕುತ್ತಿದ್ದವಳು ಮಾತ್ರ ನಾನಲ್ಲ. ಆರು ತಿಂಗಳಾದ ಮೇಲೆ ಅವಳೇ ಬಾಯಿ ಬಿಟ್ಟಳು: 'ಅಕ್ಕಾ, ನಿಮ್ ಅಂಟುವಾಳಕ್ಕೆ ನನ್ ರಟ್ಟೆ ಬಿದ್ದೋಗ್ತೈತೆ'. ಸಂಬಳ ಜಾಸ್ತಿ ಮಾಡಿದೆ. ಅದೂ ಅವಳು ಕೇಳಿದ ಮೇಲೆ.

ಇವತ್ತು ಬೆಳಿಗ್ಗೆ ನೆಂಟರ ಗ್ರೂಪಿನಲ್ಲಿ ಆ ಬೋರ್ಡಿನ ಫೋಟೋ ಬಂತು. ಮೂವತ್ತು ಜನ ಚಪ್ಪಾಳೆ ತಟ್ಟಿದ್ದರು. 'ಹಿತ್ತಲಿಂದೂ ಒಂದು ಫೋಟೋ ಹಾಕಿ' ಅಂತ ಬರೆದೆ. ಆಮೇಲಿಂದ ಒಬ್ಬರೂ ಮಾತಿಲ್ಲ. ದೊಡ್ಡಪ್ಪ ಮಾತ್ರ ಈಗಷ್ಟೇ ಒಂದು ಗುಲಾಬಿ ಹೂವು ಕಳಿಸಿದ್ದಾರೆ, ಶುಭೋದಯ ಅಂತ.