ದುಡ್ಡು ಕಟ್ಟಿ ಎಣಿಸಿ, ಎದುರಾಳಿಯನ್ನು ಗೆಲ್ಲಿಸಿ

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಕೂದಲೆಳೆಯಲ್ಲಿ ಮುಗಿದಾಗಲೆಲ್ಲ ಸೋತವರ ಬಾಯಿಂದ ಬರುವ ಮೊದಲ ಮಾತು "ಇನ್ನೊಂದು ಸಲ ಎಣಿಸಿ". ಕೇಳುವುದು ನ್ಯಾಯವೇ. ಆದರೆ ವಿಸ್ಕಾನ್ಸಿನ್ ರಾಜ್ಯದಲ್ಲಿ ಇದಕ್ಕೊಂದು ದರಪಟ್ಟಿ ಇದೆ. ಅಂತರ ಶೇ 0.25ರೊಳಗಿದ್ದರೆ ಮರುಎಣಿಕೆ ಪುಕ್ಕಟೆ. ಅದನ್ನು ದಾಟಿ ಶೇ 1ರೊಳಗಿದ್ದರೆ ಎಣಿಸಿಕೊಡುತ್ತಾರೆ, ದುಡ್ಡು ಮುಂಗಡ. ಶೇ 1 ಮೀರಿದರೆ ಕೈಮುಗಿದು ಮನೆಗೆ ಹೋಗಬೇಕು. 2020ರಲ್ಲಿ ಟ್ರಂಪ್ ಅಲ್ಲಿ 20 ಸಾವಿರ ಚಿಲ್ಲರೆ ಮತಗಳಿಂದ ಸೋತರು. ಇಡೀ ರಾಜ್ಯ ಎಣಿಸಲು ಸುಮಾರು 79 ಲಕ್ಷ ಡಾಲರ್ ಆಗುತ್ತದೆ ಎಂದು ಅಧಿಕಾರಿಗಳು ಹೇಳಿದರು. ವ್ಯಾಪಾರಸ್ಥ ಮನುಷ್ಯ, ಅಷ್ಟೆಲ್ಲ ಯಾಕೆ ಕೊಡುತ್ತಾರೆ? ಬೈಡನ್ ಮತಗಳು ದಂಡಿಯಾಗಿದ್ದ ಮಿಲ್ವಾಕೀ ಮತ್ತು ಡೇನ್ ಎಂಬ ಎರಡೇ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಆರಿಸಿ 30 ಲಕ್ಷ ಕಟ್ಟಿದರು. ಎಣಿಸಿದರು. ಬೈಡನ್‌ಗೆ 87 ಮತ ಹೆಚ್ಚಿಗೆ ಸಿಕ್ಕಿತು. ಮತವೊಂದಕ್ಕೆ 34 ಸಾವಿರ ಡಾಲರ್ ಮೇಲಾಯಿತು. ಸ್ವಂತ ದುಡ್ಡಿನಲ್ಲಿ ಎದುರಾಳಿಗೆ ಇಷ್ಟು ದುಬಾರಿ ಮತ ಕೊಡಿಸಿದ ಉದಾರಿ ರಾಜಕಾರಣಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಈ ಉದಾರತೆ ಒಂದೇ ಪಕ್ಷದ ಸ್ವತ್ತಲ್ಲ. 2016ರಲ್ಲಿ ಇದೇ ವಿಸ್ಕಾನ್ಸಿನ್‌ನಲ್ಲಿ ಹಿಲರಿ ಕ್ಲಿಂಟನ್ 22,748 ಮತಗಳಿಂದ ಸೋತರು. ಪಕ್ಷದ ಅಭ್ಯರ್ಥಿಯಾದ ಮೇಲೆ ಅವರು ಆ ರಾಜ್ಯಕ್ಕೆ ಒಂದು ಸಲವೂ ಕಾಲಿಟ್ಟಿರಲಿಲ್ಲ. ಎಲ್ಲಿಗೆ ಹೋಗಬೇಕು, ಎಲ್ಲಿ ಜಾಹೀರಾತು ಕೊಡಬೇಕು ಎಂದು ಹೇಳಲು ಅವರ ಬಳಿ ಏಡಾ ಎಂಬ ಹೆಸರಿನ ಗಣಕ ಸೂತ್ರ ಇತ್ತು. ಗ್ರೀನ್ ಪಕ್ಷದ ಜಿಲ್ ಸ್ಟೈನ್ ಅಲ್ಲಿ 31 ಸಾವಿರ ಮತ ಕಿತ್ತುಕೊಂಡಿದ್ದರು. ಆಮೇಲೆ ಅದೇ ಸ್ಟೈನ್ ದೇಶವಿಡೀ ಚಂದಾ ಎತ್ತಿ ಮರುಎಣಿಕೆ ಮಾಡಿಸಿದರು. ಟ್ರಂಪ್‌ಗೆ 131 ಮತ ಜಾಸ್ತಿಯಾಯಿತು! ಅರಿಜೋನಾದ್ದು ಇನ್ನೂ ಸೊಗಸು. 2021ರಲ್ಲಿ ಅಲ್ಲಿನ ರಿಪಬ್ಲಿಕನ್ ಸೆನೆಟರುಗಳು ಚುನಾವಣೆಯ ಅನುಭವವೇ ಇಲ್ಲದ ಸೈಬರ್ ನಿಂಜಾಸ್ ಎಂಬ ಕಂಪನಿಗೆ ಮಾರಿಕೋಪಾ ಕೌಂಟಿಯ 21 ಲಕ್ಷ ಮತಪತ್ರ ಒಪ್ಪಿಸಿದರು. ಏಷ್ಯಾದಿಂದ ಕಳ್ಳ ಮತಪತ್ರ ಬಂದಿದ್ದರೆ ಕಾಗದದಲ್ಲಿ ಬಿದಿರಿನ ನಾರು ಇದ್ದೀತೆಂದು ಹುಡುಕಿದರು. ತಿಂಗಳುಗಟ್ಟಲೆ ಎಣಿಸಿ ಸಿಕ್ಕಿದ್ದೇನು? ಬೈಡನ್‌ಗೆ 99 ಹೆಚ್ಚು, ಟ್ರಂಪ್‌ಗೆ 261 ಕಡಿಮೆ. ಬಿದಿರು ಸಿಗಲಿಲ್ಲ.

ಜಾರ್ಜಿಯಾದಲ್ಲಿ ದುಡ್ಡಿನ ಬದಲು ದೂರವಾಣಿ ಬಳಸಿದರು. ಅಂತರ 11,779. 2021ರ ಜನವರಿ 2ರಂದು ಟ್ರಂಪ್ ಅಲ್ಲಿನ ಚುನಾವಣಾ ಮುಖ್ಯಸ್ಥರಿಗೆ ಫೋನ್ ಮಾಡಿ 11,780 ಮತ ಹುಡುಕಿಕೊಡಿ ಎಂದರು. ಒಂದೇ ಒಂದು ಮತ ಜಾಸ್ತಿ. ದುರಾಸೆಯ ಮನುಷ್ಯ ಎನ್ನುವವರು ಈ ಲೆಕ್ಕ ನೋಡಬೇಕು.

ಸಾವಿರಗಟ್ಟಲೆ ಅಂತರ ಮರುಎಣಿಕೆಯಲ್ಲಿ ಕರಗದಿರಲು ಕಾರಣ ಸರಳ. ಈಗ ಹೆಚ್ಚು ಕಡೆ ಕಾಗದದ ಮೇಲೆ ಹೆಸರಿನ ಪಕ್ಕದ ವೃತ್ತ ತುಂಬಿ, ಸ್ಕ್ಯಾನರ್‌ಗೆ ಹಾಕುತ್ತಾರೆ. ಆಗುವ ತಪ್ಪು ಅಲ್ಲೊಂದು ಇಲ್ಲೊಂದು, ಅದೂ ಎರಡೂ ಕಡೆಗೆ ಹಂಚಿಹೋಗುತ್ತದೆ. ಆದರೂ ಎಲ್ಲರಿಗೂ ಮರುಎಣಿಕೆಯ ಹುಚ್ಚು ಯಾಕೆ ಎಂದರೆ 2000ದ ಫ್ಲಾರಿಡಾ. ಅಧ್ಯಕ್ಷ ಪದವಿಯೇ ತೂಗಾಡಿದ ಆ ರಾಜ್ಯದಲ್ಲಿ ಸುಮಾರು 60 ಲಕ್ಷ ಮತಗಳಲ್ಲಿ ರಿಪಬ್ಲಿಕನ್ ಜಾರ್ಜ್ ಬುಷ್ ಡೆಮಾಕ್ರಟ್ ಆಲ್ ಗೋರ್ ಎದುರು ಗೆದ್ದದ್ದು 537ರಿಂದ.

ಅಲ್ಲಿ ಹಲವು ಕೌಂಟಿಗಳಲ್ಲಿ ಮತ ಹಾಕಲು ಇಟ್ಟಿದ್ದ ಯಂತ್ರದ ಮಹಿಮೆಯನ್ನು ಸ್ವಲ್ಪ ಹಾಡಲೇಬೇಕು. ಹೆಸರು ವೋಟೊಮ್ಯಾಟಿಕ್. ಮೊದಲೇ ಗೀರಿಟ್ಟ ಕಾರ್ಡನ್ನು ಅದರೊಳಗೆ ತೂರಿಸಬೇಕು. ಕಾರ್ಡಿನ ಮೇಲ್ತುದಿಯ ಎರಡು ತೂತು ಯಂತ್ರದ ಎರಡು ಮೊಳೆಗೆ ಕೂರಬೇಕು. ಆಮೇಲೆ ಕಡ್ಡಿ ಹಿಡಿದು, ಬೇಕಾದ ಹೆಸರಿನ ಪಕ್ಕದ ತೂತಿನಲ್ಲಿ ನೆಟ್ಟಗೆ ಒತ್ತಬೇಕು. ಆಗ ಕಾರ್ಡಿನಿಂದ ಚಾಡ್ ಎಂಬ ಪುಟ್ಟ ತುಣುಕು ಉದುರಿ ಕೆಳಗೆ ಬೀಳುತ್ತದೆ. ಬೀಳಬೇಕು. ಹಿಂದಿನ ಚುನಾವಣೆಗಳ ತುಣುಕು ಬಳಿದು ತೆಗೆಯದಿದ್ದರೆ ಅವೇ ಅಡ್ಡ ಬಂದು ಕಡ್ಡಿ ಇಳಿಯುವುದಿಲ್ಲ. ಕೆಳಗಿನ ರಬ್ಬರ್ ಪಟ್ಟಿ ಹಳತಾಗಿ ಗಡುಸಾದರೂ ಅದೇ ಗತಿ. ಕಾರ್ಡು ಮೊಳೆಗೆ ಕೂರದಿದ್ದರೆ ನಿಮ್ಮ ಮತ ಇನ್ಯಾರದೋ ಲೆಕ್ಕಕ್ಕೆ ಜಮೆ. ಹೀಗಾಗಿ ತುಣುಕುಗಳಲ್ಲೇ ಜಾತಿಗಳಾದವು: ಒಂದೇ ಮೂಲೆಯಲ್ಲಿ ನೇತಾಡುವುದು, ಎರಡು ಮೂಲೆಯಲ್ಲಿ ಬಾಗಿಲಿನಂತೆ ಆಡುವುದು, ಮೂರು ಮೂಲೆ ಕಚ್ಚಿಕೊಂಡಿರುವುದು, ನಾಲ್ಕೂ ಮೂಲೆ ಗಟ್ಟಿಯಿದ್ದು ಹೊಟ್ಟೆ ಮಾತ್ರ ಉಬ್ಬಿದ್ದು. ಜಗತ್ತಿನ ಅತಿ ಬಲಾಢ್ಯ ರಾಷ್ಟ್ರದ ನ್ಯಾಯಾಧೀಶರು ಭೂತಗನ್ನಡಿ ಹಿಡಿದು, ಕಾರ್ಡನ್ನು ಬೆಳಕಿಗೆ ಎತ್ತಿ, ಈ ಉಬ್ಬಿನಲ್ಲಿ ಮತದಾರರ ಮನದಿಂಗಿತ ಏನಿದ್ದೀತು ಎಂದು ಧ್ಯಾನಿಸಿದರು. ಒಂದು ಕೌಂಟಿಯಲ್ಲಿ ಉಬ್ಬಿದ್ದಕ್ಕೂ ಮತ, ಪಕ್ಕದ ಕೌಂಟಿಯಲ್ಲಿ ಇಲ್ಲ.

ಪಾಮ್ ಬೀಚ್ ಕೌಂಟಿಯ ಕಥೆ ಬೇರೆ. ಅಧ್ಯಕ್ಷ ಸ್ಥಾನಕ್ಕೆ ಹತ್ತು ಅಭ್ಯರ್ಥಿಗಳು. ವಯಸ್ಸಾದವರಿಗೆ ಓದಲು ಸುಲಭವಾಗಲಿ ಎಂದು ಅಲ್ಲಿನ ಅಧಿಕಾರಿ ಅಕ್ಷರ ದಪ್ಪ ಮಾಡಿದರು, ಹೆಸರುಗಳು ಎದುರುಬದುರು ಎರಡು ಪುಟಕ್ಕೆ ಹರಡಿದವು, ತೂತುಗಳು ನಡುವೆ ಒಂದೇ ಸಾಲಿನಲ್ಲಿ ಉಳಿದವು. ಎಡಪುಟದಲ್ಲಿ ಮೊದಲ ಹೆಸರು ಬುಷ್, ಎರಡನೆಯದು ಗೋರ್. ಆದರೆ ಎರಡನೆಯ ತೂತು ಬಲಪುಟದ ಪ್ಯಾಟ್ ಬುಕನನ್ ಅವರದು. ಗೋರ್ ಅವರದು ಮೂರನೆಯದು. ಯಹೂದಿ ವೃದ್ಧರು ತುಂಬಿದ ಆ ಕೌಂಟಿಯಲ್ಲಿ ಕಡು ಬಲಪಂಥೀಯ ಬುಕನನ್ 3,407 ಮತ ಬಾಚಿದರು. ಇವು ನನ್ನವಲ್ಲ ಎಂದು ಸ್ವತಃ ಬುಕನನ್ ಟಿವಿಯಲ್ಲಿ ಹೇಳಿಬಿಟ್ಟರು. ಎಡವಟ್ಟಾಯಿತೆಂದು ಎರಡೂ ತೂತು ಒತ್ತಿದವರ 19 ಸಾವಿರ ಕಾರ್ಡುಗಳು ರದ್ದಾದವು. ಈ ವಿನ್ಯಾಸ ಮಾಡಿದ ಅಧಿಕಾರಿ ಯಾವ ಪಕ್ಷದವರು ಎನ್ನುತ್ತೀರಿ? ಗೋರ್ ಅವರ ಡೆಮಾಕ್ರಟಿಕ್ ಪಕ್ಷದವರೇ!

ರಾಜ್ಯದಲ್ಲಿ ಫಲಿತಾಂಶಕ್ಕೆ ಮೊಹರು ಒತ್ತಬೇಕಾದ ಕ್ಯಾಥರಿನ್ ಹ್ಯಾರಿಸ್, ಬುಷ್ ಅವರ ಪ್ರಚಾರ ಸಮಿತಿಯ ಸಹ ಅಧ್ಯಕ್ಷೆ. ರಾಜ್ಯಪಾಲರೋ, ಬುಷ್ ಅವರ ತಮ್ಮ. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಎದುರಿಗಿದ್ದಾಗ ಗೋರ್ ಕಡೆಯ ತಂತ್ರಜ್ಞರು ಇಡೀ ರಾಜ್ಯ ಎಣಿಸಿ ಎಂದು ಅರ್ಜಿ ಹಾಕಲಿಲ್ಲ. ತಮ್ಮ ಮತಗಳು ಹೆಚ್ಚಿದ್ದ ನಾಲ್ಕು ಕೌಂಟಿ ಮಾತ್ರ ಕೈಯಲ್ಲಿ ಎಣಿಸಿ ಎಂದರು. ಜಾಣತನ. ಮಯಾಮಿಯಲ್ಲಿ ಸೂಟುಬೂಟಿನ ರಿಪಬ್ಲಿಕನ್ ಕಾರ್ಯಕರ್ತರು ಬಾಗಿಲು ಬಡಿದು ಗಲಾಟೆ ಮಾಡಿದರು, ಅಲ್ಲಿ ಎಣಿಕೆ ನಿಂತಿತು. ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ 5-4ರಲ್ಲಿ ಎಲ್ಲದಕ್ಕೂ ತೆರೆ ಎಳೆದು, ನಮ್ಮ ಈ ವಿಚಾರಣೆ ಈ ಪ್ರಕರಣಕ್ಕಷ್ಟೇ ಸೀಮಿತ ಎಂದೂ ಸೇರಿಸಿತು. ಮುಂದಿನ ವರ್ಷ ಪತ್ರಿಕೆಗಳೆಲ್ಲ ಸೇರಿ ಒಂದೂಮುಕ್ಕಾಲು ಲಕ್ಷ ವಿವಾದಿತ ಮತಪತ್ರ ಪರಿಶೀಲಿಸಿದಾಗ ಗೊತ್ತಾದದ್ದು ಇದು: ಗೋರ್ ಕೇಳಿದ ಹಾಗೆ ನಾಲ್ಕು ಕೌಂಟಿ ಎಣಿಸಿದ್ದರೂ ಅವರು ಸೋಲುತ್ತಿದ್ದರು. ಕೇಳದೇ ಬಿಟ್ಟ ಇಡೀ ರಾಜ್ಯದ್ದು ಎಣಿಸಿದ್ದರೆ ಸಣ್ಣ ಅಂತರದಲ್ಲಿ ಗೆಲ್ಲುವ ಸಾಧ್ಯತೆ ಇತ್ತು.

ಆದರೆ ಡೆಮಾಕ್ರಟರ ಸಿಟ್ಟು ಇಂದಿಗೂ ಆ ಸಲದ ಗ್ರೀನ್ ಪಕ್ಷದ ಅಭ್ಯರ್ಥಿ ರಾಲ್ಫ್ ನೇಡರ್ ಮೇಲೆ. ಫ್ಲಾರಿಡಾದಲ್ಲಿ ಅವರು 97 ಸಾವಿರ ಮತ ತಿಂದರಂತೆ. ಗೋರ್ ತಮ್ಮ ತವರಾದ ಟೆನೆಸ್ಸಿಯನ್ನೇ ಸೋತರಲ್ಲ, ಅದೊಂದು ಗೆದ್ದಿದ್ದರೆ ಫ್ಲಾರಿಡಾದ ಗೊಡವೆಯೇ ಬೇಕಿರಲಿಲ್ಲ. ಅದರ ಮಾತೆತ್ತಿದರೆ ಡೆಮಾಕ್ರಟರು ನಿಮ್ಮ ಜೊತೆ ಕಾಫಿ ಕುಡಿಯುವುದಿಲ್ಲ.

ಹೊರಗಿನವರ ಉಪಕಾರವೂ ಇರುತ್ತದೆ. 2004ರಲ್ಲಿ ಲಂಡನ್ನಿನ ಗಾರ್ಡಿಯನ್ ಪತ್ರಿಕೆ ಒಹಾಯೋದ ಕ್ಲಾರ್ಕ್ ಕೌಂಟಿಯ ಮತದಾರರಿಗೆ ಪತ್ರ ಬರೆಯಿರಿ ಎಂದು ಓದುಗರಿಗೆ ಕರೆ ಕೊಟ್ಟಿತು. ಬುಷ್ ಬೇಡ ಎಂದು ಬುದ್ಧಿಜೀವಿಗಳ ಕಾಗದಗಳು ಸಾಗರ ದಾಟಿ ಹೋದವು. ನಮಗೆ ಹೇಳಲು ನೀವ್ಯಾರು ಎಂದು ಅಲ್ಲಿಂದ ಖಾರವಾದ ಉತ್ತರಗಳು ಬಂದವು. 2000ದಲ್ಲಿ ಗೋರ್‌ಗೆ ಒಲಿದಿದ್ದ ಕೌಂಟಿ ಬುಷ್ ಕಡೆ ಹೋಯಿತು. ಅಮೆರಿಕದಲ್ಲಿರುವ ಅಳಿಯನಿಗೆ ಬೆಂಗಳೂರಿನಿಂದ ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೆ ಮತ ಹಾಕಬೇಕೆಂದು ತಿಳಿಸುವ ಮಾವಂದಿರು ಇದನ್ನು ಗಮನಿಸತಕ್ಕದ್ದು. ಅಳಿಯ ಇರುವುದು ಎಚ್-1ಬಿ ವೀಸಾದ ಮೇಲೆ, ಅವನಿಗೆ ಮತವೇ ಇಲ್ಲ ಎನ್ನುವುದು ಬೇರೆ ಮಾತು.

ಪೌರತ್ವ ಸಿಕ್ಕಿದ ಕನ್ನಡಿಗರದೂ ಹೆಚ್ಚೇನಿಲ್ಲ. ಅವರಲ್ಲಿ ಬಹಳ ಮಂದಿ ಹೋಗಿ ಕುಳಿತಿರುವುದು ಕ್ಯಾಲಿಫೋರ್ನಿಯಾ, ಟೆಕ್ಸಸ್, ನ್ಯೂಜೆರ್ಸಿಯಲ್ಲಿ. ಮೂರರ ಫಲಿತಾಂಶವೂ ಮೊದಲೇ ಗೊತ್ತು. 2024ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟ್ರಂಪ್‌ಗೆ 60 ಲಕ್ಷ ಮತ ಬಂತು. ಆದರೆ ಅಧ್ಯಕ್ಷರನ್ನು ಕೊನೆಗೆ ಆರಿಸುವುದು ರಾಜ್ಯವಾರು ಎಲೆಕ್ಟರುಗಳೆಂಬ ಪ್ರತಿನಿಧಿಗಳು, ಅಲ್ಲಿನ 54ರಲ್ಲಿ ಅವರಿಗೆ ದಕ್ಕಿದ್ದು ಸೊನ್ನೆ. ಅಭ್ಯರ್ಥಿಗಳು ಅಲ್ಲಿಗೆ ಹೋಗುವುದು ಚಂದಾ ಎತ್ತಲು ಮಾತ್ರ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಜಾಣರು, ಮಿಷಿಗನ್‌ನಲ್ಲಿ ನೆಲೆಯೂರಿ ಸಂಸದರಾದರು. 2024ರಲ್ಲಿ ಬೆಲೆಯಿದ್ದದ್ದು ಪೆನ್ಸಿಲ್ವೇನಿಯಾ, ಜಾರ್ಜಿಯಾ, ನಾರ್ತ್ ಕೆರೊಲಿನಾ, ಮಿಷಿಗನ್, ಅರಿಜೋನಾ, ವಿಸ್ಕಾನ್ಸಿನ್, ನೆವಾಡಾ ಎಂಬ ಏಳಕ್ಕೆ. ಒಟ್ಟು 93 ಎಲೆಕ್ಟರುಗಳು. ಈ ಏಳಕ್ಕೆ ಹೊಸ ಅಳಿಯನ ಉಪಚಾರ, ಉಳಿದ 43 ಮನೆಮಕ್ಕಳು ಬಡಿಸಿದ್ದು ಉಣ್ಣಬೇಕು. ನೆವಾಡಾದಲ್ಲಿ ಹೋಟೆಲ್ ಮಾಣಿಗಳು ಹೆಚ್ಚು. ಹಾಗಾಗಿ ಜೂನ್‌ನಲ್ಲಿ ಟ್ರಂಪ್ ಲಾಸ್ ವೇಗಸ್‌ಗೆ ಹೋಗಿ ಟಿಪ್ಸ್ ಮೇಲೆ ತೆರಿಗೆ ಇಲ್ಲ ಎಂದರು. ಆಗಸ್ಟ್‌ನಲ್ಲಿ ಕಮಲಾ ಹ್ಯಾರಿಸ್ ಅದೇ ಊರಿಗೆ ಹೋಗಿ ಅದನ್ನೇ ಹೇಳಿದರು. ಆರು ಎಲೆಕ್ಟರುಗಳಿಗಾಗಿ ಇಡೀ ದೇಶದ ತೆರಿಗೆ ನೀತಿ. 2025ರಲ್ಲಿ ವಿನಾಯಿತಿ ಕಾಯ್ದೆಯೂ ಆಯಿತು. ಅವಧಿ 2028ರವರೆಗೆ. ಆ ವರ್ಷ ಏನಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಅತಿ ಬೆಲೆಬಾಳುವ ನಿವೇಶನ ಮಾತ್ರ ನೆಬ್ರಾಸ್ಕಾದ ಒಮಾಹಾ. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟು ಉಳಿದೆಡೆ ರಾಜ್ಯ ಗೆದ್ದವರಿಗೆ ಎಲ್ಲ ಎಲೆಕ್ಟರುಗಳೂ ಸೇರುತ್ತಾರೆ. ಈ ಎರಡರಲ್ಲಿ ಸಂಸತ್ ಕ್ಷೇತ್ರಕ್ಕೊಬ್ಬರಂತೆ ಹಂಚಿಕೆ. ಒಮಾಹಾ ಕ್ಷೇತ್ರ 2020ರಲ್ಲಿ ಬೈಡನ್‌ಗೆ ಹೋಗಿತ್ತು. 2024ರ ಲೆಕ್ಕ ಹೀಗಿತ್ತು: ಹ್ಯಾರಿಸ್ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್ ಗೆದ್ದು ಬೇರೆ ನಾಲ್ಕು ಸೋತರೆ, ಒಮಾಹಾ ಸೇರಿ ಗೆಲ್ಲಲು ಬೇಕಾದ ಸರಿಯಾಗಿ 270. ಒಮಾಹಾ ಇಲ್ಲದಿದ್ದರೆ 269-269. ಸಮವಾದರೆ ಸಂಸತ್ತಿನ ಕೆಳಮನೆಯಲ್ಲಿ ರಾಜ್ಯಕ್ಕೊಂದು ಮತ, 3.9 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಒಂದು, 6 ಲಕ್ಷವೂ ಇಲ್ಲದ ವಯೋಮಿಂಗ್‌ಗೂ ಒಂದು. ಸೆಪ್ಟೆಂಬರ್‌ನಲ್ಲಿ ಸೌತ್ ಕೆರೊಲಿನಾದ ರಿಪಬ್ಲಿಕನ್ ಸೆನೆಟರ್ ಲಿಂಡ್ಸಿ ಗ್ರಹಾಂ ನೆಬ್ರಾಸ್ಕಾಕ್ಕೆ ಹಾರಿ, ನಿಯಮ ಬದಲಾಯಿಸಿ ಎಂದು ಶಾಸಕರ ಗಲ್ಲ ಹಿಡಿದರು. ಅಷ್ಟು ತಡ ಯಾಕೆ? ನೀವು ಬದಲಾಯಿಸಿದರೆ ನಾವೂ ಬದಲಾಯಿಸುತ್ತೇವೆ ಎಂದು ಮೇನ್‌ನ ಡೆಮಾಕ್ರಟರು ಏಪ್ರಿಲ್‌ನಲ್ಲೇ ಎಚ್ಚರಿಸಿದ್ದರು. ಆದರೆ ಅಲ್ಲಿ ಸಾಮಾನ್ಯ ಕಾಯ್ದೆ ಜಾರಿಗೆ ಬರಲು ಅಧಿವೇಶನ ಮುಗಿದ ಮೇಲೆ 90 ದಿನ ಬೇಕು. ಆ ಗಡುವು ದಾಟಿಸಿಕೊಂಡು ಹೋದರೆ ಮೇನ್ ಕೈಕಟ್ಟಿ ಕೂರಬೇಕು. ಇಷ್ಟೆಲ್ಲ ಹೆಣೆದ ಬಲೆಯನ್ನು ರಿಪಬ್ಲಿಕನ್ ಶಾಸಕ ಮೈಕ್ ಮೆಕ್‌ಡೊನೆಲ್ ಒಬ್ಬರೇ, ಚುನಾವಣೆ ಹತ್ತಿರ ಬಂದಿದೆ, ಈಗ ಬೇಡ ಎಂದು ಹರಿದರು. ಪಾಪ, ಅವರಿಗೆ ರಾಜಕೀಯ ಗೊತ್ತಿಲ್ಲ.

ಪೆನ್ಸಿಲ್ವೇನಿಯಾದ ಅಂಚೆ ಮತವೂ ಒಂದು ವ್ರತ. ಮತಪತ್ರವನ್ನು ಒಳಲಕೋಟೆಗೆ ಹಾಕಿ ಅಂಟಿಸಬೇಕು, ಅದನ್ನು ಹೊರಲಕೋಟೆಗೆ ಹಾಕಬೇಕು, ಹೊರಗೆ ಸಹಿ ಮಾಡಿ ತಾರೀಕು ಬರೆಯಬೇಕು, ಮತದಾನದ ದಿನ ರಾತ್ರಿ 8ರೊಳಗೆ ಮುಟ್ಟಿಸಬೇಕು. ಒಳಲಕೋಟೆ ಮರೆತರೆ ಮತ ರದ್ದು. ತಾರೀಕಿನ ಜಾಗದಲ್ಲಿ ಹುಟ್ಟಿದ ದಿನ ಬರೆದವರದ್ದೂ ತಕರಾರಿಗೆ ಬೀಳುತ್ತಿತ್ತು. ಲಕೋಟೆ ಬಂದ ದಿನವನ್ನು ಕಚೇರಿಯವರೇ ದಾಖಲಿಸಿಕೊಳ್ಳುತ್ತಾರೆ, ಮತದಾರರು ಬರೆದ ತಾರೀಕು ಯಾವ ಕೆಲಸಕ್ಕೂ ಬಾರದು. ಅದರ ಮೇಲೆಯೇ ವರ್ಷಗಟ್ಟಲೆ ವಕೀಲರ ಸಂಸಾರ ನಡೆದಿದೆ. ಮತದಾನದ ದಿನ ಬೆಳಗ್ಗೆ 7ಕ್ಕೆ ಮೊದಲು ಆ ಲಕೋಟೆ ಒಡೆಯುವಂತಿಲ್ಲ. 2020ರಲ್ಲಿ ಮಂಗಳವಾರದ ಚುನಾವಣೆಗೆ ಶನಿವಾರ ಉತ್ತರ ಸಿಕ್ಕಿದ್ದಕ್ಕೆ ಇದೂ ಕಾರಣ. ಮೊದಲೇ ಒಡೆಯಲು ಬಿಡದವರೇ, ತಡವೇಕಾಯಿತು, ಇದರಲ್ಲೇನೋ ಮೋಸ ಇದೆ ಎಂದು ಕೂಗಿದರು.

ಸಾಕು. ನಗುವುದಕ್ಕೂ ಮಿತಿ ಇದೆ. 2024ರಲ್ಲಿ ಹ್ಯಾರಿಸ್ ಕಡೆಯವರು ಮೂರು ತಿಂಗಳಾಗುವುದರೊಳಗೆ 100 ಕೋಟಿ ಡಾಲರ್ ಎತ್ತಿದರು. ಟ್ರಂಪ್ ಕಡೆ ಇಲಾನ್ ಮಸ್ಕ್ ಅರ್ಜಿಗೆ ಸಹಿ ಹಾಕಿದವರಲ್ಲಿ ದಿನಕ್ಕೊಬ್ಬರಿಗೆ 10 ಲಕ್ಷ ಡಾಲರ್ ಹಂಚಿದರು. ಮನಸ್ಸು ಮಾಡದ ಒಬ್ಬ ಮತದಾರನ ಹಿಂದೆ ಇಷ್ಟು ದುಡ್ಡು ಸುರಿಯುವ ದೇಶದಲ್ಲಿ, ಮನಸ್ಸು ಮಾಡಿ ಬಂದವರಿಗೆ ಒಂದು ಯಂತ್ರ ಸಿಗುವುದಿಲ್ಲ. 2004ರಲ್ಲಿ ಒಹಾಯೋದ ಗ್ಯಾಂಬಿಯರ್ ಎಂಬ ಕಾಲೇಜು ಊರಿನಲ್ಲಿ ಸುಮಾರು 1,300 ಮತದಾರರಿಗೆ ಇಟ್ಟದ್ದು ಎರಡು ಯಂತ್ರ, ಅದರಲ್ಲೊಂದು ನಡುವೆ ಕೆಟ್ಟಿತು. ಕೊನೆಯ ಮತ ಬಿದ್ದಾಗ ಬೆಳಗಿನ ಜಾವ 4 ಗಂಟೆ. ಆ ರಾಜ್ಯದ ಚುನಾವಣಾ ಮುಖ್ಯಸ್ಥರು ಯಾರು ಎಂದರೆ, ಇಲ್ಲಿಯೂ ಬುಷ್ ಪ್ರಚಾರದ ಸಹ ಅಧ್ಯಕ್ಷರೇ. ಇದನ್ನು ವ್ಯೂಹ, ತಂತ್ರ ಎಂದೆಲ್ಲ ಕರೆಯುವುದು ಸಾಕು. ಎದುರಾಳಿಯ ಮತದಾರ ಸಾಲಿನಲ್ಲಿ ಬಳಲಿ ಮನೆಗೆ ಹೋದರೆ ತಮಗೆ ಲಾಭ ಎಂದು ಕಾಯುವುದು ನೀಚತನ.

2021ರಲ್ಲಿ ಜಾರ್ಜಿಯಾ ಈ ಸಾಲುಗಳ ಬಗ್ಗೆ ಕಾಯ್ದೆ ಮಾಡಿತು. ಮತಗಟ್ಟೆಯ 150 ಅಡಿಯೊಳಗೆ ಸಾಲಿನಲ್ಲಿ ನಿಂತವರ ಕೈಗೆ ಯಾರಾದರೂ ನೀರು ಕೊಟ್ಟರೆ ಅದು ಅಪರಾಧ. ಮತಗಟ್ಟೆಯ ಸಿಬ್ಬಂದಿ ಕಾವಲಿಲ್ಲದೆ ಒಂದು ಕಡೆ ನೀರು ಇಟ್ಟರೆ ಅಡ್ಡಿಯಿಲ್ಲ, ಬೇಕಾದವರು ತಾವೇ ಹೋಗಿ ಕುಡಿಯಬಹುದು. ಸಾಲಿನಲ್ಲಿ ತಮ್ಮ ಜಾಗ ಯಾರು ಕಾಯಬೇಕೆಂದು ಅವರೇ ನೋಡಿಕೊಳ್ಳಲಿ.